ಉಪಾಸದ ದವಾಖಾನಿಯೊಳಗೊಂದು ಖೂನಿ

ಏನಾಗಿರಬಹುದು, ನೀವೇ ಊಹಿಸಿ ಹೇಳ್ರಿ ನೋಡೋಣ. ಊರಿಂದ ದೂರ, ಗುಡ್ಡದ ಮೇಲೆ ಒಂದು ಆರೋಗ್ಯಧಾಮ. ಅದರೊಳಗೆ ಒಬ್ಬರಿಗೊಬ್ಬರು ಗುರುತಿಲ್ಲದ ಒಂದಿಷ್ಟು ಜನ. ಒಂದು ದಿನ ಹೊತ್ತೇರಿದ ಮೇಲೆ ಹೋಗಿ ನೋಡಿದರೆ ಎಲ್ಲ ಹಾಸಿಗೆ ಖಾಲಿ. ಕಷಾಯದ ಲೋಟಗಳು ತುಂಬಿದ್ದು ತುಂಬಿದ ಹಾಗೇ ಇವೆ. ಬಾಗಿಲ ಹೊರಗೆ ಎಲ್ಲರ ಚಪ್ಪಲಿ ಸಾಲಾಗಿ ಕುಳಿತಿವೆ, ಹಾಕಿಕೊಳ್ಳುವವರು ಮಾತ್ರ ಇಲ್ಲ. ಗೇಟಿನ ಎದುರು ಒಂದು ಜೀಪು ಬಾಗಿಲು ತೆರೆದುಕೊಂಡು ನಿಂತಿದೆ. ಅದರೊಳಗೂ ನರಪಿಳ್ಳೆ ಇಲ್ಲ.

ಖೂನಿ ಅಂತೀರಾ? ಅಪಹರಣ ಅಂತೀರಾ? ನಮ್ಮ ಡಾಕ್ಟರೂ ಅದನ್ನೇ ಅಂದರು. ನಿಮ್ಮ ಊಹೆ ಹಾಗೇ ಕಿಸೆಯಲ್ಲಿ ಇಟ್ಟುಕೊಳ್ಳಿ, ಕೊನೆಗೆ ತೆಗೆಯೋಣ. ನಾಲ್ಕು ಮಂದಿ ಒಂದು ಕಡೆ ಉಪವಾಸ ಕುಳಿತರೆ ಇಂಥವು ಆಗುತ್ತಲೇ ಇರುತ್ತವೆ. ನಾನಂತೂ ಬಿ.ಎ. ಮುಗಿಸಿ, ಅಲ್ಲಿ ಇಲ್ಲಿ ಗುಮಾಸ್ತಿಕೆ ಮಾಡಿ, ಕೊನೆಗೆ ಆ ಗುಡ್ಡದ ಮೇಲಿನ ನಿಸರ್ಗ ಚಿಕಿತ್ಸಾಲಯದ ಮ್ಯಾನೇಜರನಾಗಿಯೇ ನಿವೃತ್ತನಾದವನು. ಈಗಲೂ ನೆನಪಾದರೆ ಒಬ್ಬನೇ ನಗುತ್ತೇನೆ. ಮನೆಯವಳು ಒಳಗಿನಿಂದಲೇ ಕೇಳುತ್ತಾಳೆ: "ಮತ್ತ ಗುಡ್ಡಾ ಹತ್ತಿದ್ರೇನು?"

ಬಸವಕಲ್ಯಾಣದಿಂದ ಹುಮನಾಬಾದಿನ ಕಡೆ ಹೋಗುವಾಗ ಎಡಕ್ಕೆ ಒಳರಸ್ತೆ ಹಿಡಿದರೆ ಸಿಗುವ ಗುಡ್ಡ ಅದು. ಸುತ್ತಲೂ ಜೋಳ, ಕಡಲೆ, ತೊಗರಿಯ ಹೊಲ. ಬೋರ್ಡಿನ ಮೇಲೆ ದೊಡ್ಡ ಸಂಸ್ಕೃತದ ಹೆಸರಿತ್ತು. ಅದನ್ನು ಯಾರೂ ಓದಲಿಲ್ಲ. ಸುತ್ತಲಿನ ಹಳ್ಳಿಗಳಿಗೆಲ್ಲ ಅದು 'ಉಪಾಸದ ದವಾಖಾನಿ'.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಡಾಕ್ಟರು ತುಮಕೂರು ಕಡೆಯ ಹುಡುಗ. ಮಣ್ಣಿನ ಪಟ್ಟಿ, ಬೇವಿನ ಕಷಾಯ, ಉಪವಾಸ, ಮೌನ ಇವುಗಳ ಮೇಲೆ ಅವರಿಗೆ ದೇವರಿಗಿಂತ ಹೆಚ್ಚು ನಂಬಿಕೆ. ಬೇನೆ ಏನೆಂದರೆ, ಬಂದ ರೋಗಿಗಳು ಪೂರ್ತಿ ನಿಲ್ಲುತ್ತಿರಲಿಲ್ಲ. ನಮ್ಮವರು ಹೆಸರು ಹಚ್ಚುವಾಗಲೇ ನಡುವೆ ಓಡಿಹೋಗುವ ದಿನವನ್ನೂ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಬರುತ್ತಿದ್ದರು. ಟ್ರಸ್ಟಿನ ಅಧ್ಯಕ್ಷರು ಹುಮನಾಬಾದಿನ ಬಟ್ಟೆ ವ್ಯಾಪಾರಿ. ಅವರು ಒಂದು ದಿನ ಬಂದು, ಒಳಗಿನ ದೊಡ್ಡ ಹಾಲ್‌ನ ಉದ್ದಗಲ ಕಣ್ಣಲ್ಲೇ ಅಳೆದು, ಖಡಾಖಂಡಿತ ಹೇಳಿಬಿಟ್ಟರು:

"ಡಾಕ್ಟರ್ ಸಾಹೇಬ್ರ, ಈ ಚಳಿಗಾಲದ ಶಿಬಿರದಾಗ ಮಂದಿ ಕಡೀತನಾ ನಿಂತ್ರ ನಿಮ್ಮ ದವಾಖಾನಿ. ಇಲ್ಲಾಂದ್ರ ನಮ್ಮ ಲಗ್ನದ ಹಾಲ್. ನಡುವ ಒಂದ್ಸಲ ಬಂದು ನೋಡ್ತೀನಿ."

ಡಾಕ್ಟರ ಮುಖ ಅವರದೇ ಕಷಾಯ ಕುಡಿದಂತಾಯಿತು.

ಗುರುತಿಲ್ಲದವರು

ಶಿಬಿರದ ಮೊದಲ ದಿನ ಡಾಕ್ಟರು ಒಂದು ನಿಯಮ ಸಾರಿದರು. "ಇಲ್ಲಿ ಯಾರಿಗೂ ಹೆಸರಿಲ್ಲ, ಊರಿಲ್ಲ. ಎಲ್ಲರೂ ಕೋಣೆಯ ನಂಬರ್ ಮಾತ್ರ. ಅಪರಿಚಿತರ ಹಾಗಿದ್ದರೆ ಮನಸ್ಸು ಒಳಗೆ ತಿರುಗುತ್ತೆ."

ಹುಮನಾಬಾದಿನ ಎಣ್ಣೆ ಗಿರಣಿಯ ಸಾವಕಾರರು ತಲೆಯಾಡಿಸಿದರು. ಹೊಟ್ಟೆ ಇಳಿಸಲು ಬಂದವರು ಅವರು. ಬಸವಕಲ್ಯಾಣದ ಬಸ್ ಕಂಡಕ್ಟರನೊಬ್ಬ ಸಕ್ಕರೆ ಕಾಯಿಲೆಗೆ ಬಂದಿದ್ದ. ಅವನೂ ತಲೆಯಾಡಿಸಿದ. ಮೋರಖಂಡಿಯಿಂದ ಮೊಳಕಾಲು ನೋವಿಗೆ ಬಂದ, ಆಯುಷ್ಯವೆಲ್ಲ ಕುರಿ ಕಾಯ್ದ ಮುದುಕಿ ಆಯಿಯೊಬ್ಬಳು ಮಾತ್ರ ಡಾಕ್ಟರನ್ನೇ ನೋಡುತ್ತಿದ್ದಳು. ಉಳಿದವರು ಗೋಡೆ ನೋಡುತ್ತಿದ್ದರು.

ಡಾಕ್ಟರು ಬೆನ್ನು ತಿರುಗಿಸಿದ್ದೇ ತಡ, ಆಯಿ ಸಾವಕಾರರನ್ನು ಕೇಳಿದಳು: "ಯಪ್ಪಾ, ನಂಬರ ಇರಲಿ. ನಿಮ್ಮ ತಾಯಿ ತವರಮನಿ ಯಾವುದು?"

"ಘಾಟಬೋರಾಳ."

"ಘಾಟಬೋರಾಳದಾಗ ಯಾರ ಪೈಕಿ? ಬಾವಿ ಬಾಜೂಕ ದೊಡ್ಡ ಬೇವಿನ ಗಿಡದ ಮನೀನೋ ಏನು?"

"ಹೌದವ್ವಾ! ನಿನಗ ಹ್ಯಾಂಗ ಗೊತ್ತು?"

"ಹ್ಯಾಂಗಂದ್ರ? ಆ ಮನೀ ಹೊಲದಾಗ ಗೊಬ್ಬರಕ್ಕಂತ ನಮ್ಮ ಕುರಿ ಕೂಡತಿದ್ವು. ನೀ ಸಣ್ಣ ಹುಡುಗ ಇದ್ದಾಗ ನಿನ್ನ ಎತ್ತೀನಿ ನಾ. ನನ್ನ ಸೀರಿ ಹಸಿ ಮಾಡಿದ್ದಿ."

ಸಾವಕಾರರು ಎದ್ದು ಕಾಲು ಮುಟ್ಟಿದರು. ಕಂಡಕ್ಟರನ ಹೆಂಡತಿ ನಿರ್ಣಾ ಊರಿನವಳು. ಅವಳ ಅಕ್ಕನನ್ನು ಕೊಟ್ಟದ್ದು ಸಾವಕಾರರ ಗಿರಣಿಯ ಹಿಂದಿನ ಮನೆಗೆ. ಸಂಜೆಯೊಳಗೆ ಆ ಹಾಲಿನಲ್ಲಿ ಮಾವ, ಭಾವ, ಬೀಗ ಎಲ್ಲ ತಯಾರು. ಡಾಕ್ಟರು ಬಂದು, "ಹೇಗಿದೆ? ಮನಸ್ಸು ಒಳಗೆ ತಿರುಗ್ತಾ?" ಅಂದರು.

ಆಯಿ ಹೇಳಿದಳು: "ತಿರಗ್ಯದ ತಮ್ಮಾ. ಇಲ್ಲಿ ಗುರುತಿಲ್ಲದಾಂವ ನೀ ಒಬ್ಬನೇ ಉಳದೀದಿ. ನಿಮ್ಮವ್ವನ ತವರಮನಿ ಯಾವುದು?"

ಕಂಡಕ್ಟರ್ ಸೀಟಿ ಊದಿದ್ದು

ಮೊದಲು ಓಡಿದವನು ಕಂಡಕ್ಟರ್. ನಿಂಬೆರಸದ ಮೇಲೆ ಇಟ್ಟ ಮಧ್ಯಾಹ್ನವೇ ಕಂಪೌಂಡ್ ಹಾರಿ, ಹೊಲದ ಬದುವಿನ ಮೇಲಿಂದ ರಸ್ತೆಗೆ ಇಳಿದ. ಅವನ ಕಣ್ಣೆದುರು ಹುಮನಾಬಾದ್ ಬಸ್‌ಸ್ಟ್ಯಾಂಡಿನ ಮಿರ್ಚಿ ಕರಿಯುವ ಬಾಣಲೆ ಕುದಿಯುತ್ತಿತ್ತು ಅಂತ ಆಮೇಲೆ ಅವನೇ ಹೇಳಿದ.

ಬಸ್ಸು ಬಂತು. ಕೈ ಮಾಡಿದ, ನಿಲ್ಲಲಿಲ್ಲ. ಕಿಸೆಯಲ್ಲಿ ಸೀಟಿ ಇತ್ತು. ಊದಿದ. ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ವರ್ಷಗಟ್ಟಲೆಯ ರೂಢಿ ನೋಡ್ರಿ!

ಇವನು ಓಡಿಹೋಗಿ ಬಾಗಿಲ ಸರಳು ಹಿಡಿದ. ಡ್ರೈವರ ಹಣಿಕಿ ನೋಡಿದ, ಹಳೆಯ ದೋಸ್ತ. ಬಸ್ಸಿನ ಮಂದಿಯೆಲ್ಲ ನೋಡುತ್ತಿದ್ದಾರೆ.

"ಜಲ್ದಿ ಬಿಡೋ ಮಾರಾಯಾ, ಹಿಂದ ಡಾಕ್ಟರ್ ಬರ್ತಾನ!"

ಡ್ರೈವರ ಇಂಜಿನ್ನೇ ಬಂದ್ ಮಾಡಿದ. "ನಿನ್ನ ಹೇಣ್ತಿ ನಿನ್ನಿನೇ ಡಿಪೋಕ್ಕ ಬಂದು ಎಲ್ಲಾ ಡ್ರೈವರ್ ಮಂದೀಗಿ ಹೇಳಿ ಹೋಗ್ಯಾಳ. ಇಂವ ಹತ್ತಾಕ ಬಂದ್ರ ಇಳಸ್ರಿ ಅಂತ."

"ಸೀಟು ಖಾಲಿ ಅವಲ್ಲೋ!"

"ಬಸ್ಸಿನಾಗ ಜಾಗಾ ಅದ. ನಿನ್ನ ಮನ್ಯಾಗ ಇಲ್ಲಂತ."

ಅವನನ್ನು ಗೇಟಿನ ತನಕ ಬಿಡಲು ಬಸ್ಸಿನಿಂದ ಇಬ್ಬರು ಪ್ಯಾಸೆಂಜರ್ ಇಳಿದು ಬಂದಿದ್ದರು.

ಖೂನಿ ಶುರುವಾಯಿತು

ಆ ಸಂಜೆ ಸಾವಕಾರರೂ ಟ್ರಂಕು ಕಟ್ಟುತ್ತಿದ್ದರು. ಡಾಕ್ಟರು ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದರು. "ಮ್ಯಾನೇಜರೇ, ಮುಗೀತು. ನಾಳೆ ಇನ್ನೂ ನಾಲ್ಕು ಜನ ಹೋಗ್ತಾರೆ. ನಾನು ಈ ಹಾಲಲ್ಲಿ ಚಪ್ಪರ ಹಾಕೋರ ಜೊತೆ ನಿಲ್ಲಬೇಕಾಗುತ್ತೆ."

ಪಾಪ, ಕಣ್ಣು ತುಂಬಿತ್ತು. ಊರಲ್ಲಿ ಎಲ್ಲ ಬಿಟ್ಟು ಇದನ್ನೇ ನಂಬಿ ಬಂದ ಹುಡುಗ.

ನನಗೆ ಕಾಲೇಜಿನ ದಿನದಿಂದಲೂ ಪತ್ತೇದಾರಿ ಕಾದಂಬರಿಯ ಹುಚ್ಚು. ಒಂದಾದರೂ ನಾನೇ ಬರೆಯಬೇಕೆಂಬ ಆಸೆ. ಪ್ರಾರ್ಥನೆ ಮುಗಿದ ಮೇಲೆ ಹಾಲಿನಲ್ಲಿ ನಿಂತು, "ಹೋಗೋರು ಹೋಗ್ರಿ. ಹೋಗೋಕ್ಕಿಂತ ಮೊದಲ ಒಂದು ಕಥಿ ಕೇಳ್ರಿ," ಅಂದೆ. ಊರಿಂದ ದೂರದ ಆಶ್ರಮ, ಅಲ್ಲಿಗೆ ಬಂದ ಅಪರಿಚಿತರು, ಮೊದಲ ರಾತ್ರಿಯೇ ಒಬ್ಬ ಸೇಠ್‌ಜಿಯ ಹೆಣ. ಒಳಗಿನಿಂದ ಚಿಲಕ ಹಾಕಿದೆ. ಹೊರಗೆ ಒದ್ದೆ ಹೆಜ್ಜೆ. ಅಷ್ಟಕ್ಕೆ ನಿಲ್ಲಿಸಿದೆ. "ಮುಂದಿಂದು ನಾಳೆ."

ಸಾವಕಾರರು ಟ್ರಂಕಿನ ಮೇಲೆ ಕುಳಿತಿದ್ದರು. "ನಾಳೆ ಯಾಕ್ರಿ? ಹೆಜ್ಜಿ ಯಾರದಂತ ಹೇಳಿಬಿಡ್ರಿ, ಹೋಗ್ತೀನಿ."

"ನನಗೂ ಗೊತ್ತಿಲ್ರಿ. ಇನ್ನೂ ಬರದಿಲ್ಲ."

ಟ್ರಂಕು ಮಂಚದ ಕೆಳಗೆ ಹೋಯಿತು. ಮರುದಿನ ಯಾರೂ ಹೋಗಲಿಲ್ಲ. ಅದರ ಮರುದಿನವೂ. ನಾನು ಹಗಲು ಬರೆಯುವುದು, ಸಂಜೆ ಓದುವುದು. 'ನನಗೆ ಇಂಥದರಲ್ಲಿ ಆಸಕ್ತಿ ಇಲ್ಲ' ಎನ್ನುವ ಡಾಕ್ಟರು ಕಿಟಕಿಯ ಹೊರಗೆ ಚಳಿಯಲ್ಲಿ ನಿಂತು ಕೇಳುತ್ತಿದ್ದರು. ನೆಗಡಿ ಬಂದು ಸಿಕ್ಕಿಬಿದ್ದರು.

ಆಯಿಗೆ ಮಾತ್ರ ಒಂದು ಸಂಶಯ. "ಆ ಸತ್ತ ಸೇಠ್ ಉಂಡು ಸತ್ತನೋ, ಉಪಾಸ ಸತ್ತನೋ?"

"ಆಶ್ರಮ ಅಂದಮ್ಯಾಲ ಉಪಾಸನೇ ಆಯಿ."

"ಹಂಗಾದ್ರ ಬ್ಯಾರೆ ಖೂನಿಗಾರ ಎದಕ ಬೇಕೋ ಯಪ್ಪಾ? ಡಾಕ್ಟರ್ ಒಬ್ಬಾಂವ ಸಾಕಲ್ಲ!"

ಕಿಟಕಿಯ ಹೊರಗೆ ಯಾರೋ ಸೀನಿದರು.

ವಿಷ ಎಲ್ಲಿ ಹಾಕಬೇಕು

ಮುಂದಿನ ಅಧ್ಯಾಯದಲ್ಲಿ ಒಂದು ಎಡವಟ್ಟು ಮಾಡಿದೆ. ಸೇಠ್‌ಜಿ ಸತ್ತದ್ದು ವಿಷದಿಂದ, ವಿಷ ಇದ್ದದ್ದು ಬೇವಿನ ಕಷಾಯದಲ್ಲಿ ಅಂತ ಓದಿದೆ. ಎಲ್ಲರೂ ಹಾಸಿಗೆ ಬಿಟ್ಟು ನನ್ನ ಹತ್ತಿರ ಸರಿದು ಕುಳಿತರು. ನನಗೆ ಖುಷಿಯೋ ಖುಷಿ.

ಮರುದಿನ ಮುಂಜಾನೆ ಒಬ್ಬರೂ ಕಷಾಯ ಮುಟ್ಟಲಿಲ್ಲ. ಕಂಡಕ್ಟರ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. ಸಾವಕಾರರು, "ಮೊದಲ ಡಾಕ್ಟರ್ ಕುಡೀಲಿ," ಅಂದರು. ಡಾಕ್ಟರು ಒಂದು ಲೋಟ ಕುಡಿದು ತೋರಿಸಿದರು. "ಅದು ನಿಮ್ಮ ಲೋಟಾ. ನಮ್ಮದರಾಗಿಂದು ಕುಡೀರಿ," ಅಂದ ಕಂಡಕ್ಟರ. ಹೀಗೆ ಒಬ್ಬೊಬ್ಬರ ಲೋಟದಿಂದ ಒಂದೊಂದು ಗುಟುಕು ಕುಡಿಯುತ್ತ ಡಾಕ್ಟರು ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಅವರಿಗೆ ಬೇರೆ ಕಡೆ ಓಡುವ ಅವಸರ ಬಂತು.

ಮಧ್ಯಾಹ್ನ ಸುಸ್ತಾಗಿ ಬಂದು ನನಗೆ ಅಪ್ಪಣೆ ಮಾಡಿದರು: "ನೀವು ಎಷ್ಟು ಕೊಲೆ ಬೇಕಾದರೂ ಮಾಡಿಸಿ. ಆದರೆ ವಿಷ ಕರಿದ ತಿಂಡಿಯಲ್ಲೇ ಇರಬೇಕು."

ಆಗಲಿ ಅಂತ ಅಧ್ಯಾಯ ತಿದ್ದಿದೆ. ಕಷಾಯ ಶುದ್ಧ, ಸೇಠ್‌ಜಿ ಕದ್ದು ತರಿಸಿಕೊಂಡ ಮಿರ್ಚಿಯಲ್ಲಿ ವಿಷವಿತ್ತು. ಕಂಡಕ್ಟರ ಕಣ್ಣು ಮುಚ್ಚಿ, "ಏನ್ ಪುಣ್ಯದ ಸಾವ್ರೀ!" ಅಂದ.

ಸಾವಕಾರರು ಮಾತ್ರ ಎಲ್ಲರೂ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಮ್ಯಾನೇಜರ್ ಸಾಹೇಬ್ರ, ವಿಷಾ ಹಾಕ್ರಿ, ನಾ ಬ್ಯಾಡನ್ನಂಗಿಲ್ಲ. ಎಣ್ಣಿ ಮಾತ್ರ ಛಲೋ ಇತ್ತು ಅಂತ ಒಂದು ಮಾತು ಬರೀರಿ. ನಮ್ಮ ಧಂದಾದ ಪ್ರಶ್ನೆ."

ಖಾಲಿ ಹಾಸಿಗೆಗಳು

ಈಗ ನಿಮ್ಮ ಊಹೆ ಕಿಸೆಯಿಂದ ತೆಗೀರಿ.

ಬುಧವಾರ ಅಧ್ಯಕ್ಷರಿಂದ ಖಬರ್ ಬಂತು: ಶುಕ್ರವಾರ ತಪಾಸಣೆಗೆ ಬರುತ್ತೇನೆ. ನಾನು ತಕ್ಷಣ ಡಾಕ್ಟರ ಹತ್ತಿರ ಹೋದೆ.

"ಡಾಕ್ಟರೇ, ಶುಕ್ರವಾರದ ಬಗ್ಗೆ ಒಂದು ಮಾತು ಹೇಳೋದದ…"

"ಗೊತ್ತು ಗೊತ್ತು, ಅಧ್ಯಕ್ಷರು ಬರ್ತಾರೆ. ಸುಣ್ಣ ಬಳಿಸಿ."

ಗುರುವಾರ ಮತ್ತೆ ಹೋದೆ. "ಡಾಕ್ಟರೇ, ಶುಕ್ರವಾರ…"

"ಅಯ್ಯೋ, ನೆನಪಿದೆ ಕಣ್ರೀ! ಹಾರ ತರಬೇಕು, ಅಷ್ಟೇ ತಾನೆ? ನಾಳೆ ಬೆಳಿಗ್ಗೆ ನಾವಿಬ್ಬರೇ ಹೋಗಿ ತರೋಣ."

ಗುರುವಾರ ಸಂಜೆ ನಾನು ಕೊನೆಯ ಹಿಂದಿನ ಅಧ್ಯಾಯ ಓದಿದೆ. ಅದರಲ್ಲಿ, ಬೆಳಗಾಗುವಷ್ಟರಲ್ಲಿ ಆಶ್ರಮದವರೆಲ್ಲ ಮಾಯ. ಕೋಣೆಗಳು ಖಾಲಿ, ಚಪ್ಪಲಿ ಬಾಗಿಲಲ್ಲೇ. ಡಾಕ್ಟರು ಈಗ ರಾಜಾರೋಷವಾಗಿ ಒಳಗೇ ಕುಳಿತು ಉಗುರು ಕಚ್ಚುತ್ತಿದ್ದರು.

ಶುಕ್ರವಾರ ನಸುಕಿನಲ್ಲೇ ಸ್ಕೂಟರ್ ಹತ್ತಿ ಬಸವಕಲ್ಯಾಣಕ್ಕೆ ಹೋದೆವು. ಬಜಾರಿನಲ್ಲಿ ಬಾಗಿಲು ತೆರೆದ ಅಂಗಡಿಯೇ ಸಿಗಲಿಲ್ಲ. ಹೂವಿನವನಿಲ್ಲ, ಹಣ್ಣಿನವನಿಲ್ಲ. ಡಾಕ್ಟರು ಗಲ್ಲಿ ಗಲ್ಲಿ ತಿರುಗಿ, "ಏನ್ರೀ ಇದು, ಬಂದ್ ಏನಾದರೂ ಇದೆಯಾ?" ಅಂದರು.

"ಅದನ್ನೇ ಡಾಕ್ಟರೇ, ಎರಡು ದಿನದಿಂದ…"

"ಮಾತಾಡ್ತಾ ನಿಂತರೆ ಅಧ್ಯಕ್ಷರು ಬಂದುಬಿಡ್ತಾರೆ, ಹತ್ತಿ!"

ಹಾರವಿಲ್ಲದೆ ಗುಡ್ಡಕ್ಕೆ ಮರಳುವ ಹೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಗೇಟಿನಲ್ಲಿ ಅಧ್ಯಕ್ಷರ ಜೀಪು, ಬಾಗಿಲು ತೆರೆದದ್ದು ತೆರೆದ ಹಾಗೇ. ಅಧ್ಯಕ್ಷರಿಲ್ಲ, ಡ್ರೈವರನೂ ಇಲ್ಲ. ಒಳಗೆ ಹಾಸಿಗೆಗಳು ಖಾಲಿ. ಕಷಾಯ ತಣ್ಣಗೆ ಕುಳಿತಿದೆ. ಬಾಗಿಲಲ್ಲಿ ಚಪ್ಪಲಿಯ ಸಾಲು. ಅದರ ತುದಿಗೆ ಅಧ್ಯಕ್ಷರ ಹೊಸ ಬೂಟು.

ಡಾಕ್ಟರು ಬೂಟನ್ನು ನೋಡಿದರು. ನನ್ನನ್ನು ನೋಡಿದರು. "ಮ್ಯಾನೇಜರೇ… ನಿನ್ನೆ ನೀವು ಓದಿದ್ದು ಇದೇ!"

ನಾನು ಬಾಯಿ ತೆರೆದೆ.

"ನೀವು ಮಾತಾಡಬೇಡಿ! ನೀವು ಬಾಯಿ ಬಿಟ್ಟಿದ್ದೆಲ್ಲ ನಿಜ ಆಗ್ತಿದೆ!"

ಅಷ್ಟರಲ್ಲಿ ಗುಡ್ಡದ ಕೆಳಗಿನ ಜೋಳದ ಹೊಲದಿಂದ ಹತ್ತಾರು ಗಂಟಲಿನ ಒಂದು ದೊಡ್ಡ ಕೂಗು ಎದ್ದಿತು. ಡಾಕ್ಟರು ಒಂದು ಎನಿಮಾ ಡಬ್ಬಿಯನ್ನೇ ಆಯುಧ ಮಾಡಿಕೊಂಡು ಇಳುಕಲಿನಲ್ಲಿ ಓಡಿದರು. ಹಿಂದೆ ನಾನು, ನಗು ತಡೆಯಲಾರದೆ ಎಡವುತ್ತ.

ಜೋಳ ಸರಿಸಿ ನೋಡಿದರೆ ಏನು ಕಾಣಬೇಕು? ಬೇವಿನ ಮರದ ನೆರಳಲ್ಲಿ ಜಮಖಾನೆ ಹಾಸಿದೆ. ಅದರ ಮೇಲೆ ನಮ್ಮ ಇಡೀ ಚಿಕಿತ್ಸಾಲಯ ಪಂಕ್ತಿ ಕುಳಿತಿದೆ. ಮುಂಜಾನೆ ಬರಿಗಾಲಲ್ಲಿ ಇಬ್ಬನಿಯ ಮೇಲೆ ನಡೆಯುವುದು ನಮ್ಮಲ್ಲಿ ಚಿಕಿತ್ಸೆಯ ಭಾಗ. ನಡೆಯುತ್ತ ಹೊಲದ ಬದುವಿಗೆ ಬಂದವರನ್ನು ಹೊಲದ ಯಜಮಾನ ಕೈಹಿಡಿದು ಕೂರಿಸಿಬಿಟ್ಟಿದ್ದ. ಹಸಿ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಪಲ್ಯ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ. ಯಜಮಾನ ಬೆಳೆಯ ಸುತ್ತ ಭೂಮಿತಾಯಿಗೆ ನೈವೇದ್ಯ ಚೆಲ್ಲುತ್ತ ನಡೆದರೆ, ಇವರೆಲ್ಲ ಹಿಂದಿನಿಂದ ದನಿಗೂಡಿಸಿ ಕೂಗಿದ್ದರು. ಅದೇ ಡಾಕ್ಟರು ಕೇಳಿದ ಕೂಗು.

ಕಂಡಕ್ಟರ ರೊಟ್ಟಿ ಬುಟ್ಟಿ ಹೊತ್ತು ಬಡಿಸುತ್ತಿದ್ದ. "ಮುಂದ ಸರೀರಿ, ಮುಂದ ಸರೀರಿ! ಮುಂದ ಜಾಗಾ ಅದ!"

ಅವನ ಪಕ್ಕ, ಮೊದಲ ಪಂಕ್ತಿಯಲ್ಲಿ, ಬರಿಗಾಲಲ್ಲಿ, ಎರಡೂ ಕೆನ್ನೆ ತುಂಬಿಕೊಂಡು ನಮ್ಮ ಅಧ್ಯಕ್ಷರು.

ಡಾಕ್ಟರು ಎನಿಮಾ ಡಬ್ಬಿ ಕೆಳಗೆ ಹಾಕಿ ಅಲ್ಲೇ ಮಣ್ಣಿನಲ್ಲಿ ಕುಳಿತರು. "ಆಯ್ತು. ಎಲ್ಲ ಮುಗೀತು. ಎಲ್ಲರೂ ಓಡಿಹೋಗಿದ್ದಾರೆ ಅಂತ ಬರ್ಕೊಳ್ಳಿ ಸಾರ್. ಮದುವೆ ಹಾಲ್ ಮಾಡ್ಕೊಳ್ಳಿ."

ಅಧ್ಯಕ್ಷರು ತುತ್ತು ನುಂಗಿ, ಒಂದು ಗುಟುಕು ಅಂಬಲಿ ಕುಡಿದರು. "ಡಾಕ್ಟರ್ ಸಾಹೇಬ್ರ, ನಿಮ್ಮ ಮುಂದ ಯಾಕ ಮುಚ್ಚಿಡ್ಲಿ? ನಾ ಬೇಕಂತಲೇ ಇವತ್ತ ಬಂದಿನ್ರಿ. ಇಂಥಾ ದಿನ ನಮ್ಮ ಕಡಿ ಮಂಚಾ ಹಿಡದಾಂವ ಸುದ್ದಾ ಎದ್ದು ತನ್ನ ಹೊಲಕ್ಕ ಹೋಗ್ತಾನ. ನಿಮ್ಮ ದವಾಖಾನಿ ಖಾಲಿ ಇರ್ತದ, ನೋಡಿ ಕೀಲಿ ಹಾಕಮು ಅಂತ ಬಂದೆ. ಮಂದಿ ಎಲ್ಲಿ ಅಂತ ಬರಿಗಾಲಲೇ ಹುಡುಕೋತ ಈ ಬದೂಕ ಬಂದ್ರ ಯಜಮಾನ್ರು ನನ್ನ, ನಮ್ಮ ಡ್ರೈವರನ್ನ ರಟ್ಟಿ ಹಿಡದು ಕೂಡಿಸಿಬಿಟ್ರು. ಇವತ್ತ ಒಲ್ಲೆ ಅನ್ನಾಕ ಬರ್ತದೇನ್ರಿ?"

"ಅಂದರೆ… ಹಾಲ್?"

"ಎಲ್ಲಿ ಹಾಲ್ರಿ? ಸಾವಕಾರ್ರಿಗೆ ಹುಮನಾಬಾದಿನಾಗ ಊರ ಹತ್ತರನೇ ಹೊಲಾ ಅದ. ಆಯೀಗಿ ಮೋರಖಂಡಿಯಾಗ ಮಗಾ ಹಾದಿ ಕಾಯಾಕತ್ತಾನ. ಒಬ್ಬರಾದ್ರೂ ತಮ್ಮ ಹೊಲಕ್ಕ ಹೋಗಿಲ್ಲ. ಈ ದಿನಾನೂ ಗುಡ್ಡಾ ಬಿಟ್ಟು ಹೋಗಲಿಲ್ಲ ಅಂದ್ರ, ಇನ್ಯಾವಾಗ ಹೋಗ್ತಾರ ಇವರು? ದವಾಖಾನಿ ನಿಮ್ಮದೇ, ನಡಸ್ರಿ."

ಡಾಕ್ಟರ ಕಣ್ಣು ಮತ್ತೆ ತುಂಬಿತು. ಪಂಕ್ತಿಯ ಕಡೆ ತಿರುಗಿದರು. "ನನ್ನ ಚಿಕಿತ್ಸೆಗೋಸ್ಕರ ಇಷ್ಟೆಲ್ಲಾ…"

ಆಯಿ ಬೆರಳು ನೆಕ್ಕುತ್ತ ಅಂದಳು: "ನಿನ್ನ ಕಷಾಯಕ್ಕ ಯಾರು ನಿಲ್ತಾರೋ ತಮ್ಮಾ? ಖೂನಿ ಯಾರು ಮಾಡ್ಯಾರಂತ ತಿಳೀದ ಹ್ಯಾಂಗ ಹೋಗಬೇಕು? ಇವತ್ತ ಸಂಜೀಕ ಕಡೀ ಪಾಠ ಅದ." ಮತ್ತೆ ಏನೋ ಹೊಳೆದಂತೆ ಅಧ್ಯಕ್ಷರ ಕಡೆ ತಿರುಗಿ, ರೊಟ್ಟಿಯ ಚೂರಿನಿಂದ ಅವರನ್ನೇ ತೋರಿಸಿದಳು. "ಈಗ ಗೊತ್ತಾತು ನೋಡ್ರಿ! ನಮ್ಮನ್ನೆಲ್ಲ ಹೊರಗ ಹಾಕಿ ಕೀಲಿ ಜಡೀಬೇಕಂತ ಬಂದಾಂವ ಇಂವನೇ. ಮ್ಯಾನೇಜರಪ್ಪಾ, ಖೂನಿ ಇಂವನ ಮ್ಯಾಲೇ ಹಾಕು!"

ಪಂಕ್ತಿಯೆಲ್ಲ ಹೋ ಎಂದಿತು. ಅಧ್ಯಕ್ಷರು ಕೈ ಜೋಡಿಸಿದರು. "ಹಾಕ್ರಿ, ಹಾಕ್ರಿ. ಆದ್ರ ಹೋಳಿಗಿ ಉಂಡ ಮ್ಯಾಲ ಹಿಡಕೊಂಡು ಹೋಗ್ರಿ."

ಆ ಸಂಜೆ ಖೂನಿ ಅವರ ಮೇಲೇ ಬಿತ್ತು. ಆಶ್ರಮದ ಜಾಗ ಲಗ್ನದ ಹಾಲಿಗೆ ಬೇಕೆಂದು ಸೇಠ್‌ಜಿಯನ್ನು ಕೊಂದ ಮಾಲಕ. ಅಧ್ಯಕ್ಷರು ಮುಂದೆಯೇ ಕುಳಿತು ಕೇಳಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಅದು ಆಮೇಲಿನ ಮಾತು. ಮಧ್ಯಾಹ್ನ ಇನ್ನೂ ಹೊಲದಲ್ಲೇ ಇದ್ದೆವು. ಆಯಿ ಡಾಕ್ಟರ ರಟ್ಟೆ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಮೊದಲ ತುತ್ತು ಅನುಮಾನದಿಂದ ಹೋಯಿತು, ಎರಡನೆಯದು ಅವಸರದಿಂದ. ಮೂರನೆಯ ಸಲ ಕಂಡಕ್ಟರನನ್ನು ಅವರೇ ಕೂಗಿ ಕರೆದರು.

ಹೊಟ್ಟೆ ತುಂಬಿದ ಮೇಲೆ ಬೇವಿನ ಬುಡಕ್ಕೆ ಒರಗಿ, ಬೆಲ್ಟು ಸಡಿಲಿಸುತ್ತ ನನ್ನನ್ನು ಕೇಳಿದರು: "ಅಲ್ಲಾ ಮ್ಯಾನೇಜರೇ, ಬುಧವಾರದಿಂದ ನನಗೆ ಏನೋ ಹೇಳಬೇಕು ಹೇಳಬೇಕು ಅಂತಿದ್ರಲ್ಲ, ಏನದು?"

ನಾನು ಅಂಬಲಿಯ ಗ್ಲಾಸು ಕೆಳಗಿಟ್ಟೆ.

"ಏನಿಲ್ರಿ ಡಾಕ್ಟರೇ. ಶುಕ್ರವಾರ ಎಳ್ಳ ಅಮಾಸಿ ಅದ, ಅಂತ ಹೇಳೋದಿತ್ತು."